ಅಗಿಯುವುದೋ, ನುಂಗುವುದೋ?

ಅಡಿಗೆಮನೆಯ ರಸಾಯನ: ನಮ್ಮ ಕಾಯಂ ಅಂಕಣ

ಕಳೆದ ಸಂಚಿಕೆಯಲ್ಲಿ ಹೆಪ್ಪು ಹಾಕುವ ವಿಷಯ ಬರೆದಿದ್ದೆ. ವರ್ಜೀನಿಯದ ಚಳಿಯಲ್ಲಿ ಮೊಸರು ಕೂಡಿಕೊಳ್ಳುವಂತೆ ಮಾಡಲು ಹೇಳಿದ ಉಪಾಯ ಫಲಿಸಿತೆಂದು ಮೂವರು ಓದುಗರು ತಿಳಿಸಿದ್ದಾರೆ, ಫಲಿಸಲಿಲ್ಲವೆಂದು ಒಬ್ಬರು. ನಾಲ್ವರಿಗೂ ವಂದನೆಗಳು. ಈ ಸಲದ ವಿಷಯ ಪುಸ್ತಕದಿಂದ ಬಂದದ್ದಲ್ಲ, ನಮ್ಮ ಮನೆಯ ಊಟದ ಮೇಜಿನ ಮೇಲೆ ಹುಟ್ಟಿದ ಒಂದು ಜಗಳದಿಂದ ಬಂದದ್ದು.

ನಮ್ಮ ತಂದೆಯವರು ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಕಡೆಯಿಂದ ಬಂದು ಆರು ತಿಂಗಳು ನಮ್ಮ ಜೊತೆ ಸ್ಟರ್ಲಿಂಗ್‌ನಲ್ಲಿದ್ದರು. ಅವರು ಬಂದ ಮೇಲೆ ವಾರಕ್ಕೆರಡು ದಿನ ರಾಗಿಮುದ್ದೆ, ಬಸ್ಸಾರು. ಒಂದು ರಾತ್ರಿ ನನ್ನ ಒಂಬತ್ತು ವರ್ಷದ ಮಗಳು ಮುದ್ದೆಯ ತುಣುಕನ್ನು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಬೆರಳಲ್ಲಿ ಎಣಿಸುತ್ತ ಅಗಿಯತೊಡಗಿದಳು. ಏಳನೆಯ ಎಣಿಕೆಗೆ ಬರುವಷ್ಟರಲ್ಲಿ ಮುದ್ದೆ ಹಲ್ಲಿಗೆಲ್ಲ ಮೆತ್ತಿಕೊಂಡು, ಬಾಯಿ ಬಿಡಲಾರದೆ ಕಕ್ಕಾಬಿಕ್ಕಿಯಾದಳು. ಅಜ್ಜ ನಕ್ಕುಬಿಟ್ಟರು.

“ಮುದ್ದೇನ ಅಗೀಬಾರ್ದು ಕಣ್ ಮಗ, ನುಂಗ್ಬೇಕು. ಎಪ್ಪತ್ತೆರಡು ವರ್ಷದಿಂದ ನುಂಗ್ತಾ ಇವ್ನಿ, ನಂಗೇನಾಗದೆ?”

ಮಗಳಿಗೆ ಸಿಟ್ಟು. ಪ್ರತಿಯೊಂದು ತುತ್ತನ್ನೂ ಇಪ್ಪತ್ತು ಸಲ ಅಗಿಯಬೇಕೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರಂತೆ. ನಮ್ಮ ಕಾಲದಲ್ಲಿ ಮೂವತ್ತೆರಡು ಸಲ ಎನ್ನುತ್ತಿದ್ದರು, ಹಲ್ಲಿಗೊಂದರಂತೆ. ಆ ಲೆಕ್ಕವನ್ನು ಇಂಗ್ಲೆಂಡಿನ ಪ್ರಧಾನಿಯಾಗಿದ್ದ ಗ್ಲಾಡ್‌ಸ್ಟನ್ನರ ಹೆಸರಿಗೆ ಹಚ್ಚುವುದು ವಾಡಿಕೆ. “ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆ ಇಬ್ಬರಿಗೂ ಒಪ್ಪಿಗೆಯೇ. ಊಟ ಬಲ್ಲವರು ಯಾರು ಎಂಬುದು ಮಾತ್ರ ತಕರಾರು. ಇಬ್ಬರೂ ನನ್ನ ಕಡೆ ತಿರುಗಿದರು. ಮನೆಯಲ್ಲಿ ಡಾಕ್ಟರೇಟು ಮಾಡಿದವರೊಬ್ಬರಿದ್ದರೆ ಇದೊಂದು ಕಷ್ಟ. ಉತ್ತರ ಗೊತ್ತಿಲ್ಲದಿದ್ದಾಗ ರಸಾಯನ ವಿಜ್ಞಾನಿಗಳು ಹೇಳುವ ಮಾತನ್ನೇ ನಾನೂ ಹೇಳಿದೆ: “ಪ್ರಯೋಗ ಮಾಡಿ ನೋಡೋಣ.”

ಭಾನುವಾರದ ಕನ್ನಡ ತರಗತಿಯಲ್ಲಿ ತಿಂಗಳಿಗೊಮ್ಮೆ ಅರ್ಧ ಗಂಟೆ ನನ್ನ ಪಾಲಿಗೆ ಬರುತ್ತದೆ. ಕನ್ನಡದಲ್ಲಿ ಏನಾದರೂ ಮಾಡಿಸಬೇಕು, ಅಷ್ಟೇ ನಿಯಮ. ಹನ್ನೆರಡು ಮಕ್ಕಳು, ಏಳರಿಂದ ಹನ್ನೊಂದು ವರ್ಷದವರು. ನಾನು ಮೊದಲು ಹಾಕಿದ ಯೋಜನೆಯಲ್ಲಿ ಕಡಲೆಕಾಯಿ ಬೀಜ ಇತ್ತು. ಅಗಿಯುವ ಶಕ್ತಿಯನ್ನು ಅಳೆಯಲು ಕಡಲೆಕಾಯಿ ಬೀಜ ಅಗಿಸಿ, ಉಗುಳಿಸಿ, ಜರಡಿ ಹಿಡಿಯುವ ಕ್ರಮವನ್ನು ಮ್ಯಾನ್ಲಿ ಮತ್ತು ಬ್ರೇಲಿ ಎಂಬಿಬ್ಬರು 1950ರಲ್ಲಿ ಅಮೆರಿಕದ ದಂತ ಸಂಶೋಧನಾ ಪತ್ರಿಕೆಯಲ್ಲಿ ವಿವರಿಸಿದ್ದರು. ಶನಿವಾರ ರಾತ್ರಿ ಒಬ್ಬ ತಾಯಿಯ ಫೋನು ಬಂತು: “ನಮ್ಮ ಹುಡುಗನಿಗೆ ಕಡಲೆಕಾಯಿ ಆಗುವುದಿಲ್ಲ, ಗಂಟಲು ಊದಿಕೊಳ್ಳುತ್ತೆ. ನಿಮಗೆ ಗೊತ್ತಿರಲಿಲ್ಲವೆ?” ಗೊತ್ತಿರಬೇಕಾಗಿತ್ತು. ಪ್ರಯೋಗಾಲಯದಲ್ಲಿ ಪ್ರತಿಯೊಂದು ಸೀಸೆಯ ಮೇಲಿನ ಎಚ್ಚರಿಕೆ ಓದದೆ ಮುಚ್ಚಳ ತೆಗೆಯದ ನಾನು ಮಕ್ಕಳ ವಿಷಯದಲ್ಲಿ ಕೇಳಿಯೇ ಇರಲಿಲ್ಲ. ರಾತ್ರಿ ಹತ್ತಕ್ಕೆ ಅಂಗಡಿಗೆ ಹೋಗಿ ಕ್ಯಾರೆಟ್ ತಂದೆ.

ಮೊದಲನೆಯ ಪ್ರಯೋಗ ಬೆಲ್ಲದ್ದು. ಹತ್ತು ಗ್ರಾಂ ತೂಕದ ಬೆಲ್ಲದ ಉಂಡೆ ಒಂದು ಲೋಟಕ್ಕೆ. ಅಷ್ಟೇ ತೂಕದ ಬೆಲ್ಲವನ್ನು ಕುಟ್ಟಿ ಪುಡಿ ಮಾಡಿ ಇನ್ನೊಂದಕ್ಕೆ. ಎರಡಕ್ಕೂ ಒಂದೇ ಅಳತೆಯ ಉಗುರು ಬೆಚ್ಚಗಿನ ನೀರು, ಕದಡುವ ಕೈಯೂ ಒಂದೇ ಲಯದಲ್ಲಿ. ಪುಡಿ ಎರಡು ನಿಮಿಷ ತುಂಬುವುದರೊಳಗೆ ಕರಗಿಹೋಯಿತು. ಉಂಡೆ ಹನ್ನೊಂದು ನಿಮಿಷವಾದರೂ ಗೋಲಿಯಷ್ಟು ಉಳಿದಿತ್ತು. ಬೆಲ್ಲ ಅದೇ, ನೀರು ಅದೇ; ವ್ಯತ್ಯಾಸ ಏಕೆ?

ಇದಕ್ಕೆ ಉತ್ತರವಾಗಿ ಇಪ್ಪತ್ತೇಳು ಸಕ್ಕರೆ ಅಚ್ಚುಗಳನ್ನು ಮೂರು ಸಾಲು, ಮೂರು ಅಂತಸ್ತಾಗಿ ಜೋಡಿಸಿ ರೂಬಿಕ್ ಕ್ಯೂಬಿನಂತಹ ಒಂದು ಘನ ಮಾಡಿದೆವು. ಹೊರಗೆ ಕಾಣುವ ಮುಖಗಳೆಷ್ಟು? ಒಂದೊಂದು ಕಡೆಗೆ ಒಂಬತ್ತು, ಆರು ಕಡೆಗೆ ಐವತ್ತನಾಲ್ಕು. ಈಗ ಬಿಡಿಬಿಡಿಯಾಗಿ ಹರಡಿ ಎಣಿಸಿದರೆ ಇಪ್ಪತ್ತೇಳಾರು ನೂರ ಅರವತ್ತೆರಡು. ಮೂರು ಪಟ್ಟು! ಸಕ್ಕರೆ ಒಂದು ಚೂರೂ ಹೆಚ್ಚಲಿಲ್ಲ, ಆದರೆ ನೀರು ಮುಟ್ಟಬಹುದಾದ ಜಾಗ ಮೂರು ಪಟ್ಟಾಯಿತು. ಒಂದು ಸೆಂಟಿಮೀಟರಿನ ಘನವನ್ನು ಒಂದು ಮಿಲಿಮೀಟರಿನ ಘನಗಳಾಗಿ ಕತ್ತರಿಸಿದರೆ ಸಾವಿರ ತುಣುಕು. ಮೇಲ್ಮೈ 6 ಚದರ ಸೆಂಟಿಮೀಟರಿನಿಂದ 60ಕ್ಕೆ ಏರುತ್ತದೆ. ಹಲ್ಲು ಮಾಡುವ ಕೆಲಸವೆಲ್ಲ ಇದೇ. ಹಲ್ಲು ಆಹಾರವನ್ನು ಜೀರ್ಣಿಸುವುದಿಲ್ಲ, ಜೀರ್ಣರಸಗಳಿಗೆ ಬಾಗಿಲು ತೆರೆದುಕೊಡುತ್ತದೆ.

ಎರಡನೆಯದು ಅನ್ನದ ಪ್ರಯೋಗ. ಪಿಷ್ಟಕ್ಕೆ ಅಯೋಡೀನ್ ತಾಗಿದರೆ ಕಡುನೀಲಿ ಬಣ್ಣ ಬರುತ್ತದೆ ಎಂಬುದು ಹೈಸ್ಕೂಲಿನ ಪಾಠ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸಿದರೆ ಆ ನೀಲಿ ಬರುವುದಿಲ್ಲ. ಆದರೆ ಹನ್ನೆರಡು ಮಕ್ಕಳ ಜೊಲ್ಲನ್ನು ಲೋಟಗಳಲ್ಲಿ ಇಟ್ಟುಕೊಂಡು ಕೂರುವುದು ಯಾರಿಗೂ ಹಿತವಲ್ಲ. ಅದಕ್ಕೆ ಬದಲಾಗಿ ಮೊಳಕೆ ರಾಗಿ. ಧಾನ್ಯ ಮೊಳೆಯುವಾಗ ತನ್ನ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳಲು ಅದೇ ಬಗೆಯ ಕಿಣ್ವವನ್ನು ತಯಾರಿಸುತ್ತದೆ. 1833ರಲ್ಲಿ ಫ್ರಾನ್ಸಿನ ಪೇಯನ್ ಮತ್ತು ಪೆರ್ಸೋ ಎಂಬ ರಸಾಯನ ವಿಜ್ಞಾನಿಗಳು ಮೊಳಕೆ ಬಾರ್ಲಿಯಿಂದ ಬೇರ್ಪಡಿಸಿದ ಡಯಾಸ್ಟೇಸ್, ಮನುಷ್ಯನ ಕೈಗೆ ಸಿಕ್ಕ ಮೊಟ್ಟಮೊದಲ ಕಿಣ್ವ. ನಮ್ಮ ತಾಯಂದಿರು ಮಕ್ಕಳಿಗೆ ಮೊಳಕೆ ರಾಗಿಯ ಗಂಜಿ ಕುಡಿಸುವುದರಲ್ಲಿರುವ ಗುಟ್ಟೂ ಇದೇ: ಗಂಜಿ ತೆಳ್ಳಗಾಗುತ್ತದೆ, ಹೊಟ್ಟೆಗೆ ಹಗುರ, ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ಮೈಸೂರಿನ ಆಹಾರ ಸಂಶೋಧನಾಲಯದಲ್ಲಿ, ಅಂದರೆ ಚೆಲುವಾಂಬ ವಿಲಾಸದ ಸಿ.ಎಫ್.ಟಿ.ಆರ್.ಐ.ನಲ್ಲಿ, ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ಇದನ್ನೇ ಆಧಾರ ಮಾಡಿಕೊಂಡು ಮೊಳಕೆ ರಾಗಿ, ಹೆಸರುಕಾಳುಗಳ ಶಿಶು ಆಹಾರದ ಬಗ್ಗೆ 1982ರಲ್ಲಿ ಬರೆದರು.

ರಾಗಿಯನ್ನು ರಾತ್ರಿ ನೆನೆಸಿ, ಎರಡು ದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿ, ಒಣಗಿಸಿ ಪುಡಿ ಮಾಡಿದ್ದೆ. ಅದನ್ನು ನೀರಿನಲ್ಲಿ ಕಲಸಿ ಸೋಸಿದ ತಿಳಿಯೇ ನಮ್ಮ ಜೊಲ್ಲು. ಒಂದು ಲೋಟದಲ್ಲಿ ಇಡೀ ಅನ್ನದ ಅಗುಳು, ಇನ್ನೊಂದರಲ್ಲಿ ಚಮಚದಿಂದ ಚೆನ್ನಾಗಿ ಕಿವುಚಿದ ಅನ್ನ, ಎರಡಕ್ಕೂ ಈ ತಿಳಿ. ಬೆಚ್ಚನೆಯ ನೀರಿನ ಬೋಗುಣಿಯಲ್ಲಿ ಇಪ್ಪತ್ತು ನಿಮಿಷ ಇಟ್ಟು ಅಯೋಡೀನ್ ಹಾಕಿದರೆ ಎರಡೂ ಕಪ್ಪು ಮಸಿ! ನನ್ನ ಮುಖ ಇಷ್ಟಾಯಿತು. ಆಗ ಹತ್ತು ವರ್ಷದ ಒಬ್ಬ ಹುಡುಗ ನಿಧಾನವಾಗಿ ಹೇಳಿದ: “ಆಂಟೀ, ರಾಗಿ ಪುಡಿಗೆ ನಾನು ಫ್ಲಾಸ್ಕಿನ ನೀರು ಹಾಕಿದೆ. ಚಹಾಕ್ಕೆ ಇಟ್ಟಿದ್ದ ನೀರು.” ಕುದಿನೀರಿನಲ್ಲಿ ಕಿಣ್ವ ಸತ್ತುಹೋಗಿತ್ತು. ಆ ಹುಡುಗನನ್ನು ಬೈಯಲಿಲ್ಲ, ಅಭಿನಂದಿಸಿದೆ. ಹಣೆಪಟ್ಟಿ ಅಂಟಿಸಿ ಆ ಲೋಟಗಳನ್ನು ಪಕ್ಕಕ್ಕಿಟ್ಟೆವು. ಹೋಲಿಕೆಗಾಗಿ ನಾನೇ ಮಾಡಿಸಬೇಕಾಗಿದ್ದ ಲೋಟಗಳು ತಾವಾಗಿಯೇ ದೊರಕಿದ್ದವು: ಕಿಣ್ವ ಬದುಕಿರದಿದ್ದರೆ ಅನ್ನವನ್ನು ಎಷ್ಟು ಕಿವುಚಿದರೂ ನೀಲಿ ನೀಲಿಯೇ.

ಎರಡನೆಯ ಸಲ ಸರಿಹೋಯಿತು. ಕಿವುಚಿದ ಅನ್ನದ ಲೋಟದಲ್ಲಿ ನೀಲಿ ಮಾಯವಾಗಿ ಕಂದು ಬಣ್ಣ ಬಂತು. ಇಡೀ ಅಗುಳುಗಳು ಹೊರಗೆ ಅಲ್ಲಲ್ಲಿ ಪೇಲವವಾಗಿದ್ದವು. ಒಂದು ಅಗುಳನ್ನು ಬ್ಲೇಡಿನಿಂದ ಸೀಳಿ ನಾನೇ ಒಂದು ಹನಿ ಅಯೋಡೀನ್ ಹಾಕಿ ತೋರಿಸಿದಾಗ ಒಳಗೆ ಕಡುನೀಲಿ. ಕಿಣ್ವ ಬಾಗಿಲ ಹೊರಗೇ ನಿಂತಿತ್ತು! ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ನಾನು ಮಾತಿನಲ್ಲಿ ಹೇಳಲಾರೆ.

ಮೂರನೆಯದು ಕ್ಯಾರೆಟ್. ಒಬ್ಬೊಬ್ಬರಿಗೂ ಐದೈದು ಗ್ರಾಂ ತುಂಡು, ಇಪ್ಪತ್ತು ಸಲ ಎಣಿಸಿ ಅಗಿದು, ನುಂಗದೆ ಕಾಗದದ ಲೋಟಕ್ಕೆ ಉಗುಳಿ, ಬಾಯಿ ಮುಕ್ಕಳಿಸಿದ ನೀರನ್ನೂ ಅದಕ್ಕೇ ಹಾಕಬೇಕು. ಆಮೇಲೆ ಸುಮಾರು ನಾಲ್ಕು ಮಿಲಿಮೀಟರ್ ಕಣ್ಣಿನ ಸ್ಟೀಲ್ ಜಾಲರಿಗೆ ಸುರಿದು ನೀರು ಬಿಡುವುದು. ಮೇಲೆ ಉಳಿದ ಚೂರುಗಳನ್ನು ಕಾಗದದಲ್ಲಿ ಒತ್ತಿ ತೂಗುವುದು. ಹಾಲುಹಲ್ಲು ಬಿದ್ದ ಚಿಕ್ಕವರು ಬೇಸರಪಟ್ಟುಕೊಳ್ಳದಿರಲೆಂದು ಲೋಟಗಳ ಮೇಲೆ ಹೆಸರು ಬರೆಸಲಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದೆಂಬುದು ನನ್ನ ಪುಸ್ತಕದಲ್ಲಿ. ಹನ್ನೆರಡು ಮಕ್ಕಳ ಜೊತೆ ನಾನೂ ಸೇರಿದೆ. ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದ ನಮ್ಮ ತಂದೆಯವರನ್ನು ಮಕ್ಕಳೇ ಎಳೆದು ತಂದರು. “ಅಜ್ಜ, ನೀವೂ!” ಅವರು ಒಂದು ಕ್ಷಣ ಹಿಂಜರಿದರು, ನಾನು ಅದನ್ನು ಸಂಕೋಚವೆಂದುಕೊಂಡೆ.

ಹಲಗೆಯ ಮೇಲೆ ಅಂಕಿಗಳನ್ನು ಬರೆದೆವು. ಹೆಚ್ಚಿನವರಲ್ಲಿ ಜಾಲರಿಯ ಮೇಲೆ ಉಳಿದದ್ದು ಒಂದರಿಂದ ಎರಡು ಗ್ರಾಂ. ಹಲ್ಲು ಬಿದ್ದ ಇಬ್ಬರದು ಎರಡೂವರೆಯ ಹತ್ತಿರ. ಹನ್ನೊಂದನೆಯ ಲೋಟದಲ್ಲಿ ನಾಲ್ಕೂಮುಕ್ಕಾಲು ಗ್ರಾಂ: ಎರಡು ದೊಡ್ಡ ತುಂಡು, ಅಂಚಿನಲ್ಲಿ ಒಂದಿಷ್ಟು ಗೀರು. ಮಕ್ಕಳು ಗೊಳ್ಳೆಂದು ನಕ್ಕರು. “ಯಾರಿದು ಹನ್ನೊಂದು? ಪಾಪು ಇರಬೇಕು!” ಅಜ್ಜನೂ ಅವರ ಜೊತೆ ನಕ್ಕರು. ನಾನು ಪುಸ್ತಕ ಮುಚ್ಚಿದೆ.

ರೂಟ್ 7ರಲ್ಲಿ ಕಾರು ಬರುತ್ತಿದ್ದಾಗ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಡಲ್ಲಸ್ ಕಡೆಗೆ ಇಳಿಯುತ್ತಿದ್ದ ಒಂದು ವಿಮಾನವನ್ನು ನೋಡುತ್ತ ಅವರೇ ಅಂದರು: “ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಹನ್ನೊಂದು ನಂದು ಅಲ್ವಾ?”

ಹಿಂದಿನ ವರ್ಷ ಊರಿನ ಹತ್ತಿರ ಹಲ್ಲೆಲ್ಲ ಕೀಳಿಸಿ ಸೆಟ್ಟು ಕಟ್ಟಿಸಿದ್ದರು. ಇಲ್ಲಿಗೆ ಬರುವ ಹೊತ್ತಿಗೆ ಕೆಳಗಿನದು ಅಲ್ಲಾಡುತ್ತಿತ್ತು; ಒಸಡಿನಲ್ಲಿ ಹುಣ್ಣು. ಅಮೆರಿಕದಲ್ಲಿ ಹಲ್ಲಿನ ವೈದ್ಯರ ಖರ್ಚಿನ ಕಥೆಗಳನ್ನು ಕೇಳಿದ್ದರಿಂದ ಬಾಯಿ ಬಿಡಲಿಲ್ಲ. ಸಂದರ್ಶಕರ ವಿಮೆ ಅದಕ್ಕೆ ಬರುವುದಿಲ್ಲವೆಂಬುದೂ ಅವರಿಗೆ ಗೊತ್ತಿತ್ತು. ಎರಡು ತಿಂಗಳಿಂದ ಚಪಾತಿ ಬೇಡ, ಹಸಿವಿಲ್ಲ, ಪಲ್ಯ ಸೇರುವುದಿಲ್ಲ, ಕೊಬ್ಬರಿ ಗಂಟಲಿಗೆ ಹಿಡಿಯುತ್ತದೆ ಎನ್ನುತ್ತಿದ್ದರು. ಪ್ಯಾಂಟು ಸಡಿಲವಾಗಿತ್ತು. ನಾವು ಹವಾ ಬದಲಾವಣೆ ಎಂದುಕೊಂಡಿದ್ದೆವು. ಮುದ್ದೆಯಾದರೆ ಮಾತ್ರ ಎರಡು ತಿನ್ನುತ್ತಿದ್ದರು. ಊರಿನ ಪ್ರೀತಿ ಎಂದು ನಾನು ಕಂಡದ್ದರಲ್ಲಿ ಅರ್ಧ, ಅಗಿಯಬೇಕಾಗಿಲ್ಲವೆಂಬ ನೆಮ್ಮದಿ.

ಇನ್ನು ಮಗಳಿಗೆ ಕೊಡಬೇಕಾದ ಉತ್ತರ. ಅದಕ್ಕಾಗಿ ಸ್ವಲ್ಪ ಹಳೆಯ ಕಥೆ ಹೇಳಬೇಕು.

ಇಟಲಿಯ ಸ್ಪಲ್ಲಾಂಜಾನಿ ಎಂಬ ಪಾದ್ರಿ ವಿಜ್ಞಾನಿ ಹದಿನೆಂಟನೆಯ ಶತಮಾನದಲ್ಲಿ ಆಹಾರವನ್ನು ಪುಟ್ಟ ಬಟ್ಟೆಯ ಚೀಲಗಳಲ್ಲಿ ಹೊಲಿದು ತಾನೇ ನುಂಗುತ್ತಿದ್ದ. ಮಾರನೆಯ ದಿನ, ಅದರ ಮಾರನೆಯ ದಿನ, ಚೀಲ ಹೊರಬಂದ ಮೇಲೆ ಬಿಚ್ಚಿ, ಒಳಗೆ ಏನುಳಿದಿದೆಯೆಂದು ತೂಗುತ್ತಿದ್ದ. ಅಗಿದು ತುಂಬಿದ ಮಾಂಸ ಅಗಿಯದ ಮಾಂಸಕ್ಕಿಂತ ಬೇಗ ಕರಗುವುದನ್ನು ಕಂಡ.

ಎರಡನೆಯ ಕಥೆ ಅಮೆರಿಕದ್ದು. 1822ರ ಜೂನ್ 6ರಂದು ಮಿಷಿಗನ್ ಪ್ರಾಂತದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆನಡಾದ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಅವನನ್ನು ಬದುಕಿಸಿದ. ಆದರೆ ಜಠರಕ್ಕೆ ಬಿದ್ದ ತೂತು ಮುಚ್ಚಿಕೊಳ್ಳಲೇ ಇಲ್ಲ. 1825ರಲ್ಲಿ ಬೋಮಾಂಟ್ ರೇಷ್ಮೆ ದಾರಕ್ಕೆ ಮಾಂಸ, ಬ್ರೆಡ್, ಎಲೆಕೋಸಿನ ತುಂಡುಗಳನ್ನು ಕಟ್ಟಿ ಆ ತೂತಿನಿಂದ ಒಳಗೆ ಬಿಟ್ಟು, ಗಂಟೆಗೊಮ್ಮೆ ಎಳೆದು ನೋಡತೊಡಗಿದ. ನಮ್ಮವರಿಗೆ ಸ್ವಾರಸ್ಯವೆನಿಸುವ ಸಂಗತಿಯೆಂದರೆ, 1832ರ ಕೊನೆಯಿಂದ 1833ರ ಮೊದಲ ತಿಂಗಳುಗಳವರೆಗೆ ಈ ಪ್ರಯೋಗಗಳು ನಡೆದದ್ದು ವಾಷಿಂಗ್ಟನ್ ನಗರದಲ್ಲೇ. 1833ರಲ್ಲಿ ಅವನ ಪುಸ್ತಕ ಹೊರಬಂತು. ಡಯಾಸ್ಟೇಸ್ ಸಿಕ್ಕಿದ್ದೂ ಅದೇ ವರ್ಷ. ಆಹಾರ ಎಷ್ಟು ಸಣ್ಣಗಾಗಿರುತ್ತದೋ, ಎಷ್ಟು ಮೆತ್ತಗಿರುತ್ತದೋ ಅಷ್ಟು ಸುಲಭವಾಗಿ ಜೀರ್ಣವಾಗುತ್ತದೆ ಎಂಬುದು ಅವನ ತೀರ್ಮಾನಗಳಲ್ಲೊಂದು. ಬಡವ ಅಲೆಕ್ಸಿಸ್‌ಗೆ ಇದರಿಂದ ಬಂದ ಸುಖ ಅಷ್ಟಕ್ಕಷ್ಟೆ. 1880ರಲ್ಲಿ ಅವನು ತೀರಿಕೊಂಡಾಗ, ವೈದ್ಯರ ಕೈಗೆ ಮತ್ತೆ ಸಿಗದಿರಲೆಂದು ಮನೆಯವರು ದೇಹವನ್ನು ಕೆಡುವವರೆಗೂ ಇಟ್ಟುಕೊಂಡು ಆಮೇಲೆ ಆಳವಾಗಿ ಹೂತರಂತೆ. ಒಬ್ಬ ಮನುಷ್ಯನ ಹೊಟ್ಟೆ ಪ್ರದರ್ಶನದ ವಸ್ತುವಾಗಬಾರದು. ಲೋಟಕ್ಕೆ ಸಂಖ್ಯೆ ಹಾಕಿದ್ದು ಒಳ್ಳೆಯದಾಯಿತೆಂದು ನನಗೆ ಈ ಕಥೆ ಓದುವಾಗ ಮತ್ತೊಮ್ಮೆ ಅನ್ನಿಸಿತು.

ಈ ದೇಶದಲ್ಲಿ ಅಗಿಯುವುದನ್ನೇ ಧರ್ಮ ಮಾಡಿಕೊಂಡವರೂ ಇದ್ದರು. ಹೊರೇಸ್ ಫ್ಲೆಚರ್ (1849–1919) ಎಂಬಾತ, ಬಾಯಲ್ಲಿರುವುದು ನೀರಾಗಿ ತಾನಾಗಿ ಜಾರುವವರೆಗೂ ಅಗಿಯಬೇಕೆಂದು ಊರೂರು ಸಾರಿದ. ಸಾವಿರಾರು ಜನ ಹಿಂಬಾಲಿಸಿದರು. ಅವನ ಊಟದ ಮೇಜಿನಲ್ಲಿ ಮಾತಿಗೆ ಸ್ಥಳವೆಲ್ಲಿರುತ್ತಿತ್ತೋ!

ಹಾಗಾದರೆ ಅಜ್ಜನ ಮುದ್ದೆ? ಇದಕ್ಕೆ ನೇರ ಉತ್ತರ ಸಿಗುವುದು ಇಂಗ್ಲೆಂಡಿನ ಜೆ. ಎಚ್. ಫಾರೆಲ್ ಅವರು 1956ರಲ್ಲಿ ಪ್ರಕಟಿಸಿದ ಕೆಲಸದಲ್ಲಿ. ಅವರು ಸ್ಪಲ್ಲಾಂಜಾನಿಯ ಚೀಲವನ್ನೇ ಮತ್ತೆ ಕೈಗೆತ್ತಿಕೊಂಡರು. ಒಂದೇ ಆಹಾರವನ್ನು ಅಗಿದು ಒಂದು ಚೀಲಕ್ಕೆ, ಅಗಿಯದೆ ಇನ್ನೊಂದಕ್ಕೆ ತುಂಬಿ ಸ್ವಯಂಸೇವಕರಿಗೆ ನುಂಗಿಸಿದರು. ಅನ್ನ, ಬ್ರೆಡ್, ಮೀನು, ಮೊಟ್ಟೆ ಮೊದಲಾದವು ಅಗಿದರೂ ಅಗಿಯದಿದ್ದರೂ ಪೂರ್ತಿ ಕರಗಿಹೋಗಿದ್ದವು. ಹುರಿದ ಮಾಂಸ, ಬಟಾಣಿ, ಕ್ಯಾರೆಟ್‌ನಂಥವು ಅಗಿಯದಿದ್ದರೆ ಚೀಲದಲ್ಲಿ ಉಳಿದುಕೊಂಡಿದ್ದವು. ಮೆತ್ತಗಿನ ಪದಾರ್ಥವನ್ನು ಜಠರವೇ ಕಡೆಯುತ್ತದೆ. ಜಠರದ ಕೆಳಬಾಗಿಲು ಊಟದ ಹೊತ್ತಿನಲ್ಲಿ ಹೆಚ್ಚಾಗಿ ಒಂದೆರಡು ಮಿಲಿಮೀಟರಿಗಿಂತ ಸಣ್ಣ ಚೂರುಗಳನ್ನಷ್ಟೆ ಕರುಳಿಗೆ ಬಿಡುತ್ತದೆ. ದೊಡ್ಡವನ್ನು ಹಿಂದಕ್ಕೆ ತಳ್ಳಿ ಮತ್ತೆ ಕಡೆಯುತ್ತದೆ. ಪಿಷ್ಟದ ಬಹುಪಾಲು ಕರಗುವುದು ಜೊಲ್ಲಿನಿಂದಲೂ ಅಲ್ಲ, ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ರಸದಿಂದ.

ಈಗ ಮುದ್ದೆಯನ್ನು ನೋಡಿ. ರಾಗಿಯನ್ನು ಬೀಸುಕಲ್ಲು ಆಗಲೇ ಅಗಿದಿದೆ. ಕುದಿನೀರು ಬೇಯಿಸಿದೆ. ತಿರುವುವ ಕೋಲು ನಾದಿದೆ. ಸಾರು ಜಾರುವಂತೆ ಮಾಡಿದೆ. ಹಲ್ಲಿಗೆ ಉಳಿದ ಕೆಲಸವೇನು? ಆಲೋಚಿಸಿದರೆ ನಮ್ಮ ಅಡಿಗೆಮನೆಯ ಅರ್ಧ ಸಾಮಾನು ಹಲ್ಲಿನ ಕೆಲಸವನ್ನೇ ಮಾಡುತ್ತದೆ: ಒರಳು, ಒನಕೆ, ಬೀಸುಕಲ್ಲು, ರುಬ್ಬುವ ಕಲ್ಲು, ತುರಿಯುವ ಮಣೆ, ಈಳಿಗೆಮಣೆ. ಇಡ್ಲಿ, ದೋಸೆ, ಚಟ್ನಿ, ಹೋಳಿಗೆಯ ಹೂರಣ ಎಲ್ಲವೂ ಬಾಯಿಗೆ ಬರುವ ಮೊದಲೇ ಒಂದು ಸಲ ಅಗಿಯಲ್ಪಟ್ಟವು. ಹಾಗಾಗಿ ಅಜ್ಜ ಸರಿ, ಮುದ್ದೆಯ ಮಟ್ಟಿಗೆ. ಶಾಲೆಯವರು ಸರಿ, ಕ್ಯಾರೆಟ್ಟು, ಕಡಲೆ, ಹಸಿ ತರಕಾರಿಯ ಮಟ್ಟಿಗೆ. ಇಪ್ಪತ್ತು, ಮೂವತ್ತೆರಡು ಎಂಬ ಲೆಕ್ಕ ಮಾತ್ರ ಯಾರದೂ ಸರಿಯಲ್ಲ. ಪದಾರ್ಥ ನೋಡಿ ಹಲ್ಲು ತಾನೇ ತೀರ್ಮಾನಿಸುತ್ತದೆ.

ಆದರೆ ಸಣ್ಣಗಾದಷ್ಟೂ ಒಳ್ಳೆಯದು ಎಂದು ಯಾರೂ ತೀರ್ಮಾನಿಸಬಾರದು. ನಮ್ಮ ಬೆಲ್ಟ್‌ವೇ ಪಕ್ಕದ ಬೆಲ್ಟ್ಸ್‌ವಿಲ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರವಿದೆ. ಅಲ್ಲಿ ಬಾದಾಮಿ ತಿನ್ನಿಸಿ ನಡೆಸಿದ ಅಧ್ಯಯನಗಳು 2012 ಮತ್ತು 2016ರಲ್ಲಿ ಪ್ರಕಟವಾದವು. ಲೆಕ್ಕದ ಪ್ರಕಾರ ಒಂದು ಔನ್ಸ್ ಬಾದಾಮಿಯಲ್ಲಿ ಸುಮಾರು 170 ಕ್ಯಾಲರಿ. ಇಡೀ ಬಾದಾಮಿ ತಿಂದವರ ಮೈಗೆ ಹತ್ತಿದ್ದು ಸುಮಾರು 129 ಮಾತ್ರ! ಉಳಿದದ್ದು ಒಡೆಯದ ಜೀವಕೋಶಗಳ ಗೋಡೆಯೊಳಗೆ ಸಿಕ್ಕಿಕೊಂಡು ಹೊರಗೆ ಹೋಗಿತ್ತು. ಹೆಚ್ಚಿದ ಬಾದಾಮಿಯಿಂದ ಸ್ವಲ್ಪ ಹೆಚ್ಚು ಸಿಕ್ಕಿತು; ನುಣ್ಣಗೆ ಅರೆದ ಬಾದಾಮಿ ಬೆಣ್ಣೆಯಿಂದ ಹೆಚ್ಚುಕಡಿಮೆ ಪೂರ್ತಿ. ಕಾಳು ಅದೇ, ತೂಕ ಅದೇ, ಗಾತ್ರ ಮಾತ್ರ ಬೇರೆ. ತೂಕ ಇಳಿಸಬೇಕಾದವರಿಗೂ ಏರಿಸಬೇಕಾದವರಿಗೂ ಇದರಲ್ಲಿ ಒಂದೊಂದು ಪಾಠವಿದೆ.

1986ರಲ್ಲಿ ಇಂಗ್ಲೆಂಡಿನ ಎನ್. ಡಬ್ಲ್ಯು. ರೀಡ್ ಮತ್ತು ಸಂಗಡಿಗರು ಅನ್ನ, ಆಲೂಗೆಡ್ಡೆ, ಮುಸುಕಿನ ಜೋಳ, ಸೇಬುಗಳನ್ನು ಚೆನ್ನಾಗಿ ಅಗಿದು ತಿಂದಾಗ ಮತ್ತು ಅಗಿಯದೆ ನುಂಗಿದಾಗ ರಕ್ತದ ಸಕ್ಕರೆ ಹೇಗೆ ಏರುತ್ತದೆಂದು ಅಳೆದರು. ನುಂಗಿದಾಗ ಏರಿಕೆ ಕಡಿಮೆ. ನಮ್ಮ ಲೋಟದ ಸೀಳಿದ ಅಗುಳನ್ನು ನೆನಪಿಸಿಕೊಳ್ಳಿ. ಕಾರಣ ಅಲ್ಲೇ ಇದೆ. ಇದನ್ನು ಓದಿ ಯಾರೂ ನುಂಗಲು ಹೊರಡಬೇಡಿ, ಗಂಟಲಲ್ಲಿ ಸಿಕ್ಕಿಕೊಂಡರೆ ಸಕ್ಕರೆಯ ಲೆಕ್ಕ ಕೆಲಸಕ್ಕೆ ಬಾರದು. ನನಗೆ ಇದು ಬೇರೊಂದು ಕಾರಣಕ್ಕೆ ಮುಟ್ಟಿತು. ನಮ್ಮ ತಂದೆಯವರಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಹಸಿವಿಲ್ಲವೆನ್ನುತ್ತಾರಲ್ಲಾ ಎಂದು ನಾವು ಅನ್ನವನ್ನು ಮಿಕ್ಸಿಗೆ ಹಾಕಿ ಗಂಜಿ ಮಾಡಿ, ಬಾಳೆಹಣ್ಣು ಕಿವುಚಿ ಕೊಡುತ್ತಿದ್ದೆವು. ಆ ತಿಂಗಳುಗಳಲ್ಲಿ ಅವರ ಬೆಳಗಿನ ಅಂಕಿಗಳು ಏರುತ್ತಲೇ ಇದ್ದವು. ಅದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಪಲ್ಯ, ಕಾಳು, ಸೊಪ್ಪು ಬಿಟ್ಟುಹೋಗಿ ಬರೀ ಅರೆದ ಪಿಷ್ಟ ಉಳಿದಿತ್ತೆಂಬುದಂತೂ ನಿಜ. ಪ್ರೀತಿಯಿಂದಲೇ ಮಾಡಿದ್ದು, ಲೆಕ್ಕ ತಪ್ಪಿ ಮಾಡಿದ್ದು.

ಮುಂದಿನ ವಾರ ದಂತವೈದ್ಯರಲ್ಲಿಗೆ ಹೋದೆವು. ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಸವೆಯುತ್ತ ಹೋಗುತ್ತದೆ, ಮೊದಲ ವರ್ಷದಲ್ಲಿ ಎಲ್ಲಕ್ಕಿಂತ ಹೆಚ್ಚು. ಕಿತ್ತ ಹೊಸದರಲ್ಲಿ ಅಳತೆ ತೆಗೆದು ಕಟ್ಟಿದ ಸೆಟ್ಟು ಆಮೇಲೆ ಸಡಿಲವಾಗುವುದು ಕಟ್ಟಿದವರ ತಪ್ಪೇ ಆಗಬೇಕಾಗಿಲ್ಲ. ಹೊಸ ಸೆಟ್ಟು ಬೇಕಾಗಲಿಲ್ಲ. ಇದ್ದುದರ ಒಳಮೈಗೆ ಹೊಸ ಪದರ ಹಾಕಿ ಒಸಡಿಗೆ ಕೂಡಿಸಿಕೊಟ್ಟರು. ಖರ್ಚಾಯಿತು. ನಾವು ಹೆದರಿದಷ್ಟಲ್ಲ, ಆದರೂ ಅಪ್ಪ ಆ ಮೊತ್ತವನ್ನು ರೂಪಾಯಿಗೆ ಗುಣಿಸಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಚಪಾತಿ ಕೇಳಿದರು.

ಮನೆಯಲ್ಲಿ ಈ ಪ್ರಯೋಗಗಳನ್ನು ಮಾಡುವವರಿಗೆ ಕೆಲವು ಮಾತು. ಅಯೋಡೀನ್ ಹಾಕಿದ್ದನ್ನು ಯಾರೂ ತಿನ್ನಬಾರದು, ಪಾತ್ರೆ ಬೇರೆ ಇರಲಿ. ಅವರವರು ಅಗಿದದ್ದನ್ನು ಅವರವರೇ ತೊಳೆಯಲಿ. ಮಕ್ಕಳಿಗೆ ಏನು ಒಗ್ಗುವುದಿಲ್ಲವೆಂದು ಮೊದಲೇ ಕೇಳಿ. ನನ್ನ ಹಾಗೆ ಶನಿವಾರ ರಾತ್ರಿಯವರೆಗೆ ಕಾಯಬೇಡಿ. ಕ್ಯಾರೆಟ್ ಪ್ರಯೋಗ ಶಾಲೆಗೆ ಹೋಗುವ ವಯಸ್ಸಿನವರಿಗೆ ಮಾತ್ರ, ಕುಳಿತುಕೊಂಡು ಮಾತ್ರ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿ, ಕಡಲೆಬೀಜ, ಬಾದಾಮಿ, ಹಸಿ ಕ್ಯಾರೆಟ್ ತುಂಡು ಕೊಡಬಾರದೆಂದು ಈ ದೇಶದ ಮಕ್ಕಳ ವೈದ್ಯರು ಹೇಳುತ್ತಾರೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ. ನಮ್ಮ ಸಂಘದ ಕೂಟಗಳಲ್ಲಿ ಚಕ್ಕುಲಿ, ಕೋಡುಬಳೆ, ಕಡಲೆಬೀಜದ ತಟ್ಟೆಗಳು ಮಗುವಿನ ಕೈಗೆಟುಕುವ ಎತ್ತರದಲ್ಲೇ ಇರುತ್ತವೆ. ಇನ್ನು ಮುಂದೆ ಮೇಲಕ್ಕಿಡೋಣ. ಹಾಗೆಯೇ ಊರಿನಿಂದ ಬಂದ ಹಿರಿಯರು ಏನು ತಿಂದರು ಎಂದು ಕೇಳುವ ಬದಲು ತಟ್ಟೆಯಲ್ಲಿ ಏನು ಉಳಿಸಿದರು ಎಂದು ಒಂದು ವಾರ ಗಮನಿಸಿ. ತೂಕ ಇಳಿದಿದ್ದರೆ ಹವೆಯನ್ನು ದೂರುವ ಮೊದಲು ಬಾಯಿ ತೋರಿಸಿ.

ಅಕ್ಟೋಬರಿನಲ್ಲಿ ಊರಿಗೆ ಹೊರಡುವ ಹಿಂದಿನ ರಾತ್ರಿ ಅಪ್ಪ ತಾವಾಗಿಯೇ ಐದು ಗ್ರಾಂ ಕ್ಯಾರೆಟ್ ತೂಗಿಸಿಕೊಂಡರು. ಮೊಮ್ಮಗಳು ಎದುರು ಕುಳಿತು ಇಪ್ಪತ್ತು ಎಣಿಸಿದಳು. ಜಾಲರಿಯ ಮೇಲೆ ಉಳಿದದ್ದು ಮೂರು ಗ್ರಾಂಗಿಂತ ಸ್ವಲ್ಪ ಹೆಚ್ಚು. ಕಟ್ಟಿಸಿದ ಹಲ್ಲು ಸ್ವಂತ ಹಲ್ಲಿನ ಸಮಕ್ಕೆ ಬರುವುದಿಲ್ಲ, ಎಂದಿಗೂ. ಆದರೂ ಮಗಳು ತನ್ನ ಪುಸ್ತಕದಲ್ಲಿ ಹನ್ನೊಂದನೆಯ ಸಂಖ್ಯೆಯ ಮುಂದಿದ್ದ ಹಳೆಯ ಅಂಕಿಯನ್ನು ಹೊಡೆದು ಹೊಸದನ್ನು ಬರೆದಳು. ಹಳೆಯ ಅಂಕಿಯನ್ನು ಹೊಡೆಯಬಾರದು, ಪಕ್ಕದಲ್ಲಿ ಹೊಸದನ್ನು ಬರೆದು ದಿನಾಂಕ ಹಾಕಬೇಕು ಎಂದು ಪ್ರಯೋಗಾಲಯದ ಶಿಸ್ತನ್ನು ಹೇಳಲು ಹೊರಟವನನ್ನು ಅಪ್ಪ ಕಣ್ಣಿನಲ್ಲೇ ತಡೆದರು.

ಮುಂದಿನ ಸಂಚಿಕೆಗೆ: ಹುಣಿಸೆಹಣ್ಣಿಗೆ ಹಿತ್ತಾಳೆ ಏಕೆ ಹೊಳೆಯುತ್ತದೆ? ನಿಮ್ಮ ಮನೆಯ ಕಪ್ಪಾದ ದೀಪಗಳ ಅನುಭವವನ್ನು ಬರೆದು ಕಳಿಸಿ.

ಸ್ಟರ್ಲಿಂಗ್, ವರ್ಜೀನಿಯ